ಎಂಟಾಣೆಗೊಂದು ದಿನಾಂಕ ಕೊಡಿ

ಐವತ್ತು ಪೈಸೆಗೆ ಇವತ್ತು ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನಕ್ಕುಬಿಡಬೇಡಿ. ಒಂದು ವಸ್ತು ಸಿಗುತ್ತದೆ, ಅಂಚೆ ಕಾರ್ಡು. ಬೆಂಗಳೂರಿನ ರಾಜಾಜಿನಗರವಿರಲಿ, ವಿಜಯನಗರವಿರಲಿ, ಕೆಂಗೇರಿಯಿರಲಿ, ಅಂಚೆ ಕಚೇರಿಯಲ್ಲಿ ಸಾದಾ ಕಾರ್ಡಿನ ಬೆಲೆ 50 ಪೈಸೆ. ಇನ್‌ಲ್ಯಾಂಡ್ ಲೆಟರಿಗೆ ಎರಡೂವರೆ ರೂಪಾಯಿ. ಆದರೆ ಒಂದೇ ಕಾರ್ಡು ಕೇಳಿ ಎಂಟಾಣೆ ಬಿಲ್ಲೆಯನ್ನು ಕಿಟಕಿಯೊಳಗೆ ತಳ್ಳಿದವರನ್ನು ನಾನು ನೋಡಿ ಬಹಳ ವರ್ಷಗಳಾದವು. ರೂಪಾಯಿ ಕೊಟ್ಟು ಎರಡು ತೊಗೊಳ್ಳುವುದೇ ರೂಢಿ. ಬರೆಯುವ ವಿಷಯ ಇರುವುದು ಒಂದು ಕಾರ್ಡಿನಷ್ಟು, ಇನ್ನೊಂದು ಕಾರ್ಡು ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರುತ್ತದೆ.

ಅಂಚೆ ಕಚೇರಿಯ ಮೆಟ್ಟಿಲಿಳಿದರೆ ಎಂಟಾಣೆಯ ಕಥೆ ಮುಗಿಯಿತು. ಭಾಷ್ಯಂ ವೃತ್ತದ ಹಣ್ಣಿನ ಗಾಡಿಯವನಿಗೆ ಕೊಟ್ಟರೆ ಆತ ನಾಣ್ಯ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾನೆ. ಕಾಯ್ದೆ ಮಾತ್ರ ಬೇರೆಯದನ್ನೇ ಹೇಳುತ್ತದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಅರ್ಧ ರೂಪಾಯಿ ನಾಣ್ಯ ಹತ್ತು ರೂಪಾಯಿವರೆಗಿನ ಪಾವತಿಗೆ ಇವತ್ತಿಗೂ ಮಾನ್ಯ. ಅಂದರೆ ಇಪ್ಪತ್ತು ಬಿಲ್ಲೆ ಎಣಿಸಿಕೊಟ್ಟು ಒಂದು ಲೋಟ ಕಾಫಿಯ ಹಣದಲ್ಲಿ ಹತ್ತು ರೂಪಾಯಿ ತೀರಿಸುವ ಹಕ್ಕು ನಿಮಗಿದೆ. ರಿಸರ್ವ್ ಬ್ಯಾಂಕು ಕೂಡ ಇದು ಚಲಾವಣೆಯ ನಾಣ್ಯ, ತೆಗೆದುಕೊಳ್ಳಿ ಎಂದು ಮತ್ತೆ ಮತ್ತೆ ಹೇಳಿದೆ. ಹೇಳಬೇಕಾಗಿ ಬಂತು ಎನ್ನುವುದರಲ್ಲೇ ಅದರ ಸ್ಥಿತಿ ಗೊತ್ತಾಗುತ್ತದೆ. ನೂರರ ನೋಟಿನ ಬಗ್ಗೆ ಯಾರೂ ಹಾಗೆ ಪ್ರಕಟಣೆ ಹೊರಡಿಸುವುದಿಲ್ಲ.

ಕಾನೂನಿನಲ್ಲಿ ಬದುಕಿರುವ, ಅಂಗಡಿಯಲ್ಲಿ ಸತ್ತಿರುವ ನಾಣ್ಯ ಇದು. ಇದಕ್ಕಿಂತ ಮೊದಲು ಹೋದ ನಾಣ್ಯಗಳಿಗೆ ಒಂದು ಮರ್ಯಾದೆಯ ಬೀಳ್ಕೊಡುಗೆಯಾದರೂ ಇತ್ತು. ಎಂಟಾಣೆಗೆ ಅದೂ ಇಲ್ಲ ಎನ್ನುವುದೇ ನನ್ನ ತಕರಾರು.

ಬೆಂಕಿಪೊಟ್ಟಣದ ಲೆಕ್ಕ

ನಾಣ್ಯವೊಂದು ಯಾವಾಗ ಸಾಯುತ್ತದೆ ಎಂದು ತಿಳಿಯಬೇಕಾದರೆ ಗೆಜೆಟ್ ಓದಬೇಕಿಲ್ಲ, ಬೆಂಕಿಪೊಟ್ಟಣದ ಬೆಲೆ ನೋಡಿದರೆ ಸಾಕು. ಶಿವಕಾಶಿ ಕಡೆಯಿಂದ ಬರುವ ಸಾಮಾನ್ಯ ಬೆಂಕಿಪೊಟ್ಟಣ 1995ರವರೆಗೆ 25 ಪೈಸೆ. ಆ ವರ್ಷ 50 ಪೈಸೆ ಆಯಿತು. 2007ರಲ್ಲಿ ಒಂದು ರೂಪಾಯಿ. ಆಮೇಲೆ ಹದಿನಾಲ್ಕು ವರ್ಷ ಅಲ್ಲಾಡದೆ ನಿಂತು, 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿ. ಕಚ್ಚಾ ಸಾಮಗ್ರಿಯ ಬೆಲೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರುತ್ತದೆ, ಆದರೆ ಪೊಟ್ಟಣದ ಬೆಲೆ ಹಾಗೆ ಏರುವುದಿಲ್ಲ. ಗಿರಾಕಿಯ ಕೈಯಲ್ಲಿರುವ ಒಂದೇ ಒಂದು ನಾಣ್ಯಕ್ಕೆ ಅದು ಸಿಗಬೇಕು. ಹಾಗಾಗಿ ತಯಾರಕರು ತಡೆದುಕೊಳ್ಳುವಷ್ಟು ದಿನ ತಡೆದುಕೊಂಡು, ಒಂದು ದಿನ ನಾಣ್ಯದಿಂದ ನಾಣ್ಯಕ್ಕೆ ಹಾರುತ್ತಾರೆ. ಹಾರಿದ ದಿನ ಹಿಂದಿನ ನಾಣ್ಯದ ಒಂದು ಕೆಲಸ ಹೋಯಿತು.

1995ರಲ್ಲಿ ನಾಲ್ಕಾಣೆ ಹಾಗೆ ಕೆಲಸ ಕಳೆದುಕೊಂಡಿತು. ಸರ್ಕಾರ ಅದನ್ನು ಹಿಂತೆಗೆದುಕೊಂಡದ್ದು 2011ರಲ್ಲಿ. ನಡುವಿನ ಹದಿನಾರು ವರ್ಷ ಅದು ನಿವೃತ್ತ ನೌಕರನ ಹಾಗೆ ಓಡಾಡಿಕೊಂಡಿತ್ತು. ಎಂಟಾಣೆಗೆ ಅದೇ ಗತಿ ಬಂದದ್ದು 2007ರಲ್ಲಿ. ಹದಿನಾರು ವರ್ಷವೂ ದಾಟಿ ಹೋಯಿತು, ಹಿಂತೆಗೆದುಕೊಳ್ಳುವ ಮಾತನ್ನು ಯಾರೂ ಆಡಿಲ್ಲ.

ಬೆಂಗಳೂರಿನ ನಮ್ಮ ಪಶ್ಚಿಮ ಭಾಗದಲ್ಲಿ ಚಿಲ್ಲರೆಗೆ ವಿಶೇಷ ಗೌರವವಿದ್ದದ್ದಕ್ಕೆ ಕಾರಣವಿದೆ. ಇದು ಕೂಲಿಗಾರರ, ಕಾರ್ಖಾನೆಯವರ ಬೆಂಗಳೂರು. ಮಾಗಡಿ ರಸ್ತೆಯಲ್ಲಿ ಬಿನ್ನಿ, ಮಿನರ್ವ ಮಿಲ್ಲುಗಳು, ರಾಜಾಜಿನಗರದಲ್ಲಿ ಇಂಡಸ್ಟ್ರಿಯಲ್ ಎಸ್ಟೇಟ್, ಆಚೆಗೆ ಸ್ಯಾಂಡಲ್ ಸೋಪ್ ಕಾರ್ಖಾನೆ, ಕಾಮಾಕ್ಷಿಪಾಳ್ಯದ ತುಂಬ ಲೇತ್ ಹಾಕಿಕೊಂಡ ಸಣ್ಣ ಸಣ್ಣ ಶೆಡ್ಡುಗಳು. ಶ್ರೀರಾಮಪುರದ ಒಳಗಲ್ಲಿಗಳಲ್ಲಿ ಮನೆಬಾಗಿಲಲ್ಲಿ ಕೂತು ಊದುಬತ್ತಿ ಹೊಸೆಯುವ ಹೆಂಗಸರಿಗೆ ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಲೇತಿನ ಹುಡುಗನಿಗೆ ಪೀಸಿಗೆ ಇಷ್ಟು ಪೈಸೆ. ಪೈಸೆಯಲ್ಲಿ ದುಡಿದವರು ಪೈಸೆಯಲ್ಲಿ ಖರ್ಚು ಮಾಡುತ್ತಿದ್ದರು, ಅಷ್ಟೇ. ಕಾರ್ಖಾನೆಯ ಸೈರನ್ ಕೂಗಿದ ಮೇಲೆ ಪೆಟ್ಟಿಗೆ ಅಂಗಡಿಯ ಮುಂದೆ ಸೇರುತ್ತಿದ್ದ ಗುಂಪು ಬೀಡಿ ಕೊಳ್ಳುತ್ತಿದ್ದದ್ದು ಕಟ್ಟುಗಟ್ಟಲೆ ಅಲ್ಲ, ಬಿಡಿ ಬಿಡಿಯಾಗಿ. ಅಡಿಕೆಲೆಗೆ ಇಷ್ಟು, ಒಂದು ಚಿಟಿಕೆ ನಶ್ಯಕ್ಕೆ ಇಷ್ಟು. ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಮುಗಿದರೆ ಮಗುವಿನ ಕೈಯಲ್ಲಿ ನಾಲ್ಕಾಣೆ ಕೊಟ್ಟು ಕಳಿಸಿದರೆ ಶೆಟ್ಟರು ಹಳೆಯ ಪೇಪರಿನ ಪೊಟ್ಟಣ ಸುತ್ತಿ ಕೊಡುತ್ತಿದ್ದರು.

ಆ ಪೆಟ್ಟಿಗೆ ಅಂಗಡಿಯಲ್ಲಿ ಗಾಜಿನ ಭರಣಿಗಳ ಸಾಲಿತ್ತು. ನಿಂಬೆಹುಳಿ ಪೆಪ್ಪರಮೆಂಟು, ಕಮ್ಮರಕಟ್ಟು, ಕಡ್ಲೆಮಿಠಾಯಿ, ಬೆರಳಿಗೆ ಉಂಗುರದಂತೆ ಸಿಕ್ಕಿಸಿಕೊಳ್ಳುವ ಬೋಟಿ. ಸ್ಕೂಲಿನ ಗೇಟಿನ ಹೊರಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಎಲಚಿಹಣ್ಣು. ಐದು ಪೈಸೆಯ ಅಲ್ಯೂಮಿನಿಯಮ್ ಬಿಲ್ಲೆ ಚೌಕ, ಹತ್ತು ಪೈಸೆಗೆ ಹೂವಿನಂತೆ ಅಲೆಯಂಚು, ಇಪ್ಪತ್ತು ಪೈಸೆಗೆ ಆರು ಮೂಲೆ. ಮೂರು ಪೈಸೆ ಎಂಬ ನಾಣ್ಯವೂ ಇತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅದು 1964ರಲ್ಲಿ ಬಂದು ಕೆಲವೇ ವರ್ಷಗಳಲ್ಲಿ ಹೋಯಿತು. ಕತ್ತಲಲ್ಲಿ ಜೇಬಿಗೆ ಕೈ ಹಾಕಿದರೂ ಯಾವ ಬಿಲ್ಲೆ ಎಂದು ಬೆರಳಿಗೇ ತಿಳಿಯುತ್ತಿತ್ತು. ಅಲ್ಯೂಮಿನಿಯಮ್ ಬಿಲ್ಲೆ ಎಷ್ಟು ಹಗುರ ಎಂದರೆ ಲೋಟದ ನೀರಿನ ಮೇಲೆ ಹುಷಾರಾಗಿ ಮಲಗಿಸಿದರೆ ತೇಲುತ್ತಿತ್ತು. ಕೆಂಗೇರಿಯ ರೈಲು ಹಳಿಯ ಮೇಲೆ ಅದನ್ನಿಟ್ಟು ಮೈಸೂರು ಗಾಡಿಗೆ ಕಾದ ಹುಡುಗರಿಗೆ ಆಮೇಲೆ ಸಿಗುತ್ತಿದ್ದದ್ದು ಅಪ್ಪಟ ತಗಡು.

1968ರಿಂದ ನಾಲ್ಕು ವರ್ಷ ಬಂದ ಹಿತ್ತಾಳೆ ಬಣ್ಣದ, ಕಮಲದ ಚಿತ್ರದ ಇಪ್ಪತ್ತು ಪೈಸೆಯದು ಬೇರೆಯೇ ಕಥೆ. ಅದು ಅಂಗಡಿಗೆ ಹೋಗಲೇ ಇಲ್ಲ. ಕಮಲ ಕಂಡ ಕೂಡಲೇ ಮನೆಯ ಹೆಂಗಸರು ಲಕ್ಷ್ಮೀಪೂಜೆಗೆಂದು ಎತ್ತಿಟ್ಟುಕೊಂಡರು. ಹಲವು ಮನೆಗಳಲ್ಲಿ ವರಮಹಾಲಕ್ಷ್ಮೀ ಹಬ್ಬದ ದಿನ ಅದು ಇನ್ನೂ ತಟ್ಟೆಯಲ್ಲಿ ಕೂರುತ್ತದೆ.

ಘೇಂಡಾಮೃಗ ಹೋದ ದಿನ

ನಾಲ್ಕಾಣೆಯ ಕೊನೆಯ ರೂಪ ಹಲವರಿಗೆ ನೆನಪಿರಬಹುದು. 1988ರಿಂದ ಬಂದ ಸ್ಟೇನ್‌ಲೆಸ್ ಸ್ಟೀಲಿನ ಬಿಲ್ಲೆ, ಮೇಲೊಂದು ಘೇಂಡಾಮೃಗ. 19 ಮಿಲಿಮೀಟರ್ ಅಗಲ. ಆಯಸ್ಕಾಂತಕ್ಕೆ ಗಕ್ಕನೆ ಅಂಟುತ್ತಿತ್ತು. ಒಂದು ಕೊಂಬಿನ ಆ ಪ್ರಾಣಿಯನ್ನು ನಮ್ಮ ಕಡೆಯ ಎಷ್ಟೋ ಮಕ್ಕಳು ಮೊದಲು ನೋಡಿದ್ದು ಮೃಗಾಲಯದಲ್ಲಲ್ಲ, ಅಪ್ಪನ ಜೇಬಿನಲ್ಲಿ.

2010ರ ಡಿಸೆಂಬರಿನಲ್ಲಿ ಹಣಕಾಸು ಸಚಿವಾಲಯ ಅಧಿಸೂಚನೆ ಹೊರಡಿಸಿತು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿರುವುದಿಲ್ಲ, ಸಣ್ಣ ನಾಣ್ಯಗಳ ಡಿಪೊ ಇರುವ ಬ್ಯಾಂಕ್ ಶಾಖೆಗಳಲ್ಲಿ ಜೂನ್ 29ರ ವ್ಯವಹಾರದ ವೇಳೆ ಮುಗಿಯುವವರೆಗೆ ಬದಲಾಯಿಸಿಕೊಳ್ಳಬಹುದು ಎಂದು. ಲೆಕ್ಕಪತ್ರ, ದರ, ತೆರಿಗೆಗಳನ್ನು ಇನ್ನು 50 ಪೈಸೆಗೋ ಪೂರ್ಣ ರೂಪಾಯಿಗೋ ಹೊಂದಿಸಿಕೊಳ್ಳಬೇಕು ಎಂದೂ ಹೇಳಿತು. ಅರ್ಧ ವರ್ಷದ ನೋಟಿಸು, ಒಂದು ದಿನಾಂಕ, ಒಂದು ನಿಯಮ. ಸರ್ಕಾರಿ ಕೆಲಸ ಎಂದರೆ ಗೊಣಗುವವರೂ ಒಪ್ಪಬೇಕಾದ ಅಚ್ಚುಕಟ್ಟು. ಮನೆಯವರು ಡಬ್ಬಿ ಬೋರಲು ಹಾಕಿ ಹುಡುಕಲು ಸಮಯವಿತ್ತು. ಸಾಲು ನಿಲ್ಲುವಷ್ಟು ಜನ ಬ್ಯಾಂಕಿಗೆ ಹೋಗಲಿಲ್ಲ ಎನ್ನುವುದು ಬೇರೆ ಮಾತು.

ಅದಕ್ಕೂ ಹಿಂದೆ, 1957ರ ಏಪ್ರಿಲ್ 1ರಂದು ಇದಕ್ಕಿಂತ ದೊಡ್ಡ ಬದಲಾವಣೆ ಆಗಿತ್ತು. ಹದಿನಾರಾಣೆ, ಅರವತ್ತನಾಲ್ಕು ಪೈಸೆ, ನೂರ ತೊಂಬತ್ತೆರಡು ಪೈಗಳ ರೂಪಾಯಿ ಹೋಗಿ ನೂರು ನಯಾಪೈಸೆಯ ರೂಪಾಯಿ ಬಂದದ್ದು ಅಂದು. ವಿಶಾಲ ಮೈಸೂರು ರಾಜ್ಯ ಹುಟ್ಟಿ ಇನ್ನೂ ಆರು ತಿಂಗಳಾಗಿರಲಿಲ್ಲ. ರಾಜಾಜಿನಗರದಲ್ಲಿ ಸೈಟುಗಳ ನಡುವೆ ಇನ್ನೂ ಹೊಲದ ಬದುಗಳು ಕಾಣುತ್ತಿದ್ದ ಕಾಲ. ಒಂದಾಣೆ ಎಂದರೆ ನಿಜವಾಗಿ ಆರೂಕಾಲು ನಯಾಪೈಸೆ, ಆದರೆ ಕಾಲು ಪೈಸೆಯ ಬಿಲ್ಲೆ ಇಲ್ಲ. ಹಾಗಾಗಿ ಸರ್ಕಾರ ಕೋಷ್ಟಕ ಅಚ್ಚು ಹಾಕಿಸಿತು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಬುದ್ಧಿವಂತರು ಕೂಡಲೇ ಗಮನಿಸಿದರು, ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡರೆ 24, ಒಟ್ಟಿಗೆ ಕೊಂಡರೆ 25! ಒಂದು ನಯಾಪೈಸೆ ಉಳಿತಾಯ. ಜಗಳಗಳೂ ಆದವು. ಆದರೆ ಜಗಳವಾದಾಗ ಕೈಯಲ್ಲಿ ಹಿಡಿದು ತೋರಿಸಲು ಒಂದು ಕೋಷ್ಟಕವಿತ್ತು. ನಷ್ಟ ಯಾರಿಗೆ, ಲಾಭ ಯಾರಿಗೆ ಎನ್ನುವುದನ್ನು ಅಂಗಡಿಯವನ ದಾಕ್ಷಿಣ್ಯಕ್ಕೆ ಬಿಟ್ಟಿರಲಿಲ್ಲ. ಇಪ್ಪತ್ತೈದಕ್ಕೂ ಐವತ್ತಕ್ಕೂ ಸರಿಯಾಗಿ ಕೂತದ್ದರಿಂದಲೇ ನಾಲ್ಕಾಣೆ, ಎಂಟಾಣೆ ಎಂಬ ಹೆಸರುಗಳು ದಶಮಾನ ಬಂದ ಮೇಲೂ ಬದುಕಿದವು. 1964ರ ಜೂನ್‌ನಲ್ಲಿ 'ನಯಾ' ಕೂಡ ಬಿದ್ದುಹೋಯಿತು.

ನಾಲ್ಕಾಣೆ ಹೋದಾಗ ನಿಜವಾಗಿ ಕೈಕಟ್ಟಿದಂತಾದದ್ದು ಅಂಗಡಿಯಲ್ಲಲ್ಲ, ದೇವರ ಮನೆಯಲ್ಲಿ. ಮಗುವಿಗೆ ಜ್ವರ ಇಳಿಯದಿದ್ದರೆ, ಮಗಳಿಗೆ ಗಂಡು ಒಪ್ಪಿಗೆಯಾಗದಿದ್ದರೆ, ಮಗನ ಕೆಲಸದ ಕಾಗದ ಬಾರದಿದ್ದರೆ, ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಒಂದೂಕಾಲು ರೂಪಾಯಿ ಕಟ್ಟಿ ಮುಡಿಪು ಇಡುವುದು ನಮ್ಮ ಕಡೆಯ ಪದ್ಧತಿ. ಆಮೇಲೆ ಕೆಲಸವಾದ ಮೇಲೆ ವಿಜಯನಗರದ ಮಾರುತಿ ಮಂದಿರಕ್ಕೋ, ಮೈಸೂರು ರಸ್ತೆಯ ಗಾಳಿ ಆಂಜನೇಯನಿಗೋ, ಮನೆದೇವರು ದೂರವಿದ್ದರೆ ವರ್ಷಕ್ಕೊಮ್ಮೆ ಊರಿಗೋ ಹೋಗಿ ಹಾಕಿ ಬರುವುದು. ತಪ್ಪುಕಾಣಿಕೆಯೂ ಒಂದೂಕಾಲು. ಮುಡಿಪಿನ ಪೂರ್ತಿ ತೂಕ ಇದ್ದದ್ದು ಆ ಕಾಲು ರೂಪಾಯಿಯಲ್ಲಿ. ಬರೀ ಒಂದು ರೂಪಾಯಿ ಎಂದರೆ ಬಸ್ ಚಾರ್ಜು ಕೊಟ್ಟಂತೆ. ಮೇಲಿನ ಕಾಲು ಇದ್ದರೆ ತೀರಲಿಲ್ಲ, ಮುಂದುವರಿಯುತ್ತದೆ ಎಂಬ ಭಾವ.

2011ರ ಜುಲೈನಿಂದ ಕಾಲು ರೂಪಾಯಿಯೇ ಇಲ್ಲ. ಕೆಲವರು ಹಳೆಯ ಘೇಂಡಾಮೃಗವನ್ನೇ ಜೋಪಾನ ಮಾಡಿಕೊಂಡರು. ನಮ್ಮ ಮನೆಯ ಪೂಜೆಪೆಟ್ಟಿಗೆಯಲ್ಲೂ ಕುಂಕುಮ ಮೆತ್ತಿದ ಒಂದಷ್ಟಿವೆ. ಚಲಾವಣೆಯಲ್ಲಿಲ್ಲದ ನಾಣ್ಯ ದೇವರಿಗೆ ನಡೆಯುತ್ತದೆಯೇ ಎಂದು ನಮ್ಮ ಬೀದಿಯ ಪುರೋಹಿತರೊಬ್ಬರನ್ನು ಕೇಳಿದರೆ, 'ದೇವರು ಬ್ಯಾಂಕಿಗೆ ಹೋಗೋದಿಲ್ಲ ಬಿಡಿ' ಎಂದರು. ಹೆಚ್ಚಿನವರು ಹನ್ನೊಂದು ರೂಪಾಯಿಗೆ ಏರಿದರು. ಮದುವೆ ಮುಯ್ಯಿಯ ಕವರಿನ ಮೇಲೆ ಒಂದು ರೂಪಾಯಿ ಬಿಲ್ಲೆ ಅಂಟಿಸಿ ಮಾರುವುದು ಈಗ ಎಲ್ಲೆಡೆ ಇದೆ. ಐನೂರರ ನೋಟು ಒಳಗೆ ತುರುಕಿದರೆ ಐನೂರ ಒಂದು. ಕಾಲು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಮಾಡುತ್ತಿದೆ. ಗ್ರಂದಿಗೆ ಅಂಗಡಿಯಿಂದ ತಂದ ಅರಿಶಿನದ ಬಟ್ಟೆಗೆ ಒಳಗಿನ ಮೊತ್ತ ಬದಲಾದದ್ದು ಗೊತ್ತಾಗುವುದಿಲ್ಲ.

ಚಾಕೊಲೇಟ್ ಕೊಡ್ಲಾ?

'ಎಂಟಾಣೆ ಇಲ್ಲ ಮೇಡಂ, ಚಾಕೊಲೇಟ್ ಕೊಡ್ಲಾ?'

ಈ ವಾಕ್ಯ ಕೇಳದೆ ಬಸವೇಶ್ವರನಗರದಲ್ಲಿ ಸಂಸಾರ ಮಾಡಿದವರು ಯಾರೂ ಇರಲಾರರು. ಎಂಟಾಣೆ ಸತ್ತದ್ದು ಈ ವಾಕ್ಯದಿಂದ. ಮೊದಮೊದಲು ಅಂಗಡಿಯವರ ಬಳಿ ನಿಜವಾಗಿಯೂ ಚಿಲ್ಲರೆ ಇರಲಿಲ್ಲ. ಆಮೇಲೆ ಚಿಲ್ಲರೆ ಇಟ್ಟುಕೊಳ್ಳದಿರುವುದೇ ವ್ಯಾಪಾರವಾಯಿತು. ಎಂಟಾಣೆಯ ಚಾಕೊಲೇಟಿನಲ್ಲೂ ಅವರಿಗೆ ನಾಲ್ಕಾರು ಪೈಸೆ ಲಾಭವಿತ್ತಲ್ಲ! ನೀವು ಅದೇ ಚಾಕೊಲೇಟನ್ನು ಮರುದಿನ ಹಣದ ಬದಲಿಗೆ ಕೊಟ್ಟು ನೋಡಿ, ತೊಗೊಳ್ಳುವುದಿಲ್ಲ. ಒಂದು ಕಡೆಗೆ ಮಾತ್ರ ನಡೆಯುವ ನಾಣ್ಯ ಅದು. ಸಕ್ಕರೆ ಕಾಯಿಲೆಯ ಹಿರಿಯರ ಮನೆಯಲ್ಲೂ ಫ್ರಿಜ್ಜಿನ ಮೇಲೊಂದು ಚಾಕೊಲೇಟ್ ಡಬ್ಬಿ ತುಂಬಿಕೊಂಡದ್ದು ಹೀಗೆ. ಕೊನೆಗೆ ಚಾಕೊಲೇಟೂ ಒಂದು ರೂಪಾಯಿಯಾಯಿತು, ಅದನ್ನು ಕೊಡುವ ಉಪಚಾರವೂ ನಿಂತಿತು. ಹನ್ನೆರಡೂವರೆ ಎಂದು ಬಂದ ಲೆಕ್ಕ ಹದಿಮೂರಾಯಿತು. ಹನ್ನೆರಡಾಗಲಿಲ್ಲ ಎನ್ನುವುದನ್ನು ಗಮನಿಸಿ.

ಬಸ್ಸಿನಲ್ಲಿ ಇನ್ನೊಂದು ಬಗೆ. ಕೆಂಪು ಬಿ.ಟಿ.ಎಸ್. ಬಸ್ಸಿನ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದು 'ಇಳಿಯುವಾಗ ಇಸ್ಕೊಳಿ' ಎನ್ನುತ್ತಿದ್ದರು. ಇಳಿಯುವಾಗ ನೂಕುನುಗ್ಗಲಿನಲ್ಲಿ ಅವರು ಹಿಂದಿನ ಬಾಗಿಲಲ್ಲಿ, ನಾವು ಮುಂದಿನ ಬಾಗಿಲಲ್ಲಿ. ಇಬ್ಬರಿಗೆ ಸೇರಿಸಿ ಒಂದು ನೋಟು ಕೊಟ್ಟು 'ನೀವೇ ಹಂಚ್ಕೊಳಿ' ಎಂದಾಗ ನವರಂಗ್ ಸ್ಟಾಪಿನಲ್ಲಿ ಅಪರಿಚಿತರಿಬ್ಬರು ಚಿಲ್ಲರೆ ಹುಡುಕಿಕೊಂಡು ಪಾನ್ ಅಂಗಡಿಗೆ ಹೋಗಬೇಕು. ಅಲ್ಲಿ ಸ್ನೇಹವಾದದ್ದೂ ಉಂಟು, ಜಗಳವಾದದ್ದೂ ಉಂಟು. ಕಂಡಕ್ಟರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಎಲ್ಲರೂ ನೂರರ ನೋಟು ಚಾಚಿದರೆ ಆತ ಎಲ್ಲಿಂದ ತಂದಾನು?

ಎಂಟಾಣೆಯ ದೇಹವೇ ಹೇಗೆ ಕುಗ್ಗಿಹೋಯಿತು ನೋಡಿ. 1988ರಿಂದ ಬಂದ ಸ್ಟೀಲಿನ ಐವತ್ತು ಪೈಸೆ, ಭಾರತದ ಭೂಪಟದೊಳಗೆ ಸಂಸತ್ ಭವನವಿರುವುದು, 22 ಮಿಲಿಮೀಟರ್ ಇತ್ತು. ರೂಪಾಯಿ ಬಿಲ್ಲೆ ಆಗ ದೊಡ್ಡದು. 1962ರಲ್ಲಿ ಹತ್ತು ಗ್ರಾಮಿನ ನಿಕ್ಕಲ್, 1975ರಲ್ಲಿ ಎಂಟು ಗ್ರಾಮ್, 1983ರ ಹೊತ್ತಿಗೆ ಆರು, 1992ರ ಸ್ಟೀಲಿನದು ಐದಕ್ಕೂ ಕಡಿಮೆ. 2011ರಲ್ಲಿ ರೂಪಾಯಿಯ ಹೊಸ ಚಿಹ್ನೆ ಹೊತ್ತು ಬಂದ ಒಂದು ರೂಪಾಯಿ 22 ಮಿಲಿಮೀಟರಿಗೆ ಇಳಿಯಿತು. ಹಳೆಯ ಎಂಟಾಣೆಯದೇ ಅಳತೆ. ಅದೇ ವರ್ಷದ ಹೊಸ ಎಂಟಾಣೆ 19 ಮಿಲಿಮೀಟರ್, ಆಗಷ್ಟೇ ಹೋದ ಘೇಂಡಾಮೃಗದ ಅಳತೆ. ಬೆಲೆ ಕುಸಿದದ್ದನ್ನು ಪತ್ರಿಕೆಯ ವಾಣಿಜ್ಯ ಪುಟ ಓದಿ ತಿಳಿಯಬೇಕಿರಲಿಲ್ಲ, ಅಂಗೈಯಲ್ಲಿಟ್ಟರೆ ಸಾಕಿತ್ತು. ಆಮೇಲೆ 2019ರ ಮಾರ್ಚ್‌ನಲ್ಲಿ ದೃಷ್ಟಿದೋಷವಿರುವವರಿಗೂ ಗುರುತು ಸಿಗುವಂತೆ ಹೊಸ ನಾಣ್ಯಮಾಲೆ ಬಂತು. ಒಂದು, ಎರಡು, ಐದು, ಹತ್ತು, ಜೊತೆಗೆ ಹನ್ನೆರಡು ಮೂಲೆಯ ಇಪ್ಪತ್ತು. ಐವತ್ತು ಪೈಸೆ ಆ ಪಟ್ಟಿಯಲ್ಲಿಲ್ಲ. ಬಾಯಿಬಿಟ್ಟು ಹೇಳದೆ ಹೊರಗೆ ಕಳಿಸುವುದು ಎಂದರೆ ಇದೇ.

ನಾಣ್ಯ ಮಾಡುವ ಖರ್ಚಿನ ದೃಷ್ಟಿಯಿಂದ ಸರ್ಕಾರವನ್ನು ದೂರುವಂತಿಲ್ಲ. ಮಾಹಿತಿ ಹಕ್ಕಿನಡಿ 2018ರಲ್ಲಿ ಹೊರಬಂದ ಲೆಕ್ಕದ ಪ್ರಕಾರ ಮುಂಬೈ ಟಂಕಸಾಲೆಯಲ್ಲಿ ಒಂದು ರೂಪಾಯಿ ಬಿಲ್ಲೆ ತಯಾರಿಸಲು ಒಂದು ರೂಪಾಯಿ ಹನ್ನೊಂದು ಪೈಸೆ ಬೇಕು. ರೂಪಾಯಿಗೇ ಹೀಗಾದರೆ ಅರ್ಧ ರೂಪಾಯಿಯ ಕಥೆ ಬೇರೆ ಹೇಳಬೇಕಿಲ್ಲ. ಲೋಹದ ಬೆಲೆ ಮುಖಬೆಲೆಯನ್ನು ಮೀರಿದರೆ ನಾಣ್ಯ ಕರಗಿಸುವ ಕುಲುಮೆ ಸೇರುತ್ತದೆ. 2007ರ ಸುಮಾರಿಗೆ ನಮ್ಮ ಬಿಲ್ಲೆಗಳು ಬಾಂಗ್ಲಾದೇಶಕ್ಕೆ ಕಳ್ಳಸಾಗಣೆಯಾಗಿ ಅಲ್ಲಿ ಷೇವಿಂಗ್ ಬ್ಲೇಡುಗಳಾಗುತ್ತಿವೆ ಎಂಬ ಸುದ್ದಿ ದೊಡ್ಡದಾಗಿ ಬಂದಿತ್ತು. ನಾಣ್ಯ ಕರಗಿಸಿದರೆ ಏಳು ವರ್ಷದವರೆಗೆ ಸಜೆ ಎಂದು 2011ರ ಕಾಯ್ದೆ ಹೇಳುವುದು ಸುಮ್ಮನಲ್ಲ. ಬೆಂಗಳೂರಿಗೂ ಒಂದು ಕಾಲದಲ್ಲಿ ಸ್ವಂತ ಟಂಕಸಾಲೆಯಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಟಂಕಸಾಲೆಯನ್ನು ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿ 1833ರಲ್ಲಿ ಬೆಂಗಳೂರಿಗೆ ತಂದು ತಾಮ್ರದ ಕಾಸುಗಳನ್ನು ಟಂಕಿಸಿ, ಹತ್ತೇ ವರ್ಷಕ್ಕೆ, 1843ರಲ್ಲಿ ಬಾಗಿಲು ಹಾಕಿದ್ದರು. ಅಲ್ಲಿಂದೀಚೆಗೆ ಈ ಊರು ಬೇರೆಯವರು ಅಚ್ಚು ಹಾಕಿದ ಚಿಲ್ಲರೆಯನ್ನೇ ಎಣಿಸುತ್ತಿದೆ.

ಎಂಟಾಣೆ ಮಾಡಬೇಡಿ, ಸರಿ. ಆದರೆ ನಾಣ್ಯವನ್ನು ಬಿಟ್ಟು ಪೈಸೆಯನ್ನು ಇಟ್ಟುಕೊಂಡದ್ದು ಯಾಕೆ? 2025ರ ಏಪ್ರಿಲ್‌ನಿಂದ ನಮ್ಮ ಕರೆಂಟ್ ಬಿಲ್ಲಿನಲ್ಲಿ ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಸೇರಿತು. ಇಪ್ಪತ್ತೈದು ಪೈಸೆ ಸತ್ತು, ಹತ್ತು ಪೈಸೆ ಸತ್ತು, ಒಂದು ಪೈಸೆಯ ಮುಖವನ್ನೇ ಮರೆತ ಊರಿನಲ್ಲಿ ಮೂವತ್ತಾರು ಪೈಸೆ! ಪೆಟ್ರೋಲ್ ಬಂಕಿನ ಬೋರ್ಡಿನಲ್ಲೂ ದಶಮಾಂಶದ ಆಚೆ ಎರಡು ಅಂಕಿ ತಪ್ಪದೆ ಹೊಳೆಯುತ್ತವೆ. ವಸೂಲಿಯ ಲೆಕ್ಕದಲ್ಲಿ ಪೈಸೆಗೆ ಪೂರ್ಣ ಆಯಸ್ಸು, ವಾಪಸು ಕೊಡುವ ಲೆಕ್ಕದಲ್ಲಿ ಮಾತ್ರ ಅದು ಸತ್ತಿದೆ. ಜಿಎಸ್‌ಟಿ ಕಾಯ್ದೆಯಲ್ಲಾದರೂ ಒಂದು ನ್ಯಾಯವಿದೆ. ತೆರಿಗೆಯ ಮೊತ್ತದಲ್ಲಿ 50 ಪೈಸೆ ಅಥವಾ ಮೇಲಿದ್ದರೆ ರೂಪಾಯಿಗೆ ಏರಿಸು, ಕಡಿಮೆಯಿದ್ದರೆ ಬಿಡು ಎಂದು ಅದರ 170ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಅದು ಸರ್ಕಾರ ತನ್ನ ಲೆಕ್ಕಕ್ಕೆ ಮಾಡಿಕೊಂಡ ನಿಯಮ. ಸೊಪ್ಪಿನವಳಿಗೂ ಗಿರಾಕಿಗೂ ನಡುವೆ ಅಂಥದ್ದು ಯಾವುದೂ ಇಲ್ಲ.

ಮೊಬೈಲಿನಲ್ಲಿ ಹಣ ಕೊಡುವ ಕಾಲ ಬಂದಾಗ ಪೈಸೆ ಮರಳಿ ಬರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಯುಪಿಐಯಲ್ಲಿ ಹನ್ನೆರಡು ರೂಪಾಯಿ ಐವತ್ತು ಪೈಸೆ ಎಂದು ಒತ್ತಿದರೆ ಹನ್ನೆರಡೂವರೆಯೇ ಹೋಗುತ್ತದೆ, ಚಿಲ್ಲರೆ ಇಲ್ಲ ಎನ್ನುವ ನೆಪವೇ ಇಲ್ಲ. ಬರಲಿಲ್ಲ. ಬೆಲೆ ಹೇಳುವ ನಾಲಿಗೆಗೆ ಅಷ್ಟರಲ್ಲಿ ಅಭ್ಯಾಸ ತಪ್ಪಿತ್ತು. ಮೆಟ್ರೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ದರಗಳೆಲ್ಲ ಹತ್ತರಿಂದ ತೊಂಬತ್ತರವರೆಗೆ ಹತ್ತರ ಮಗ್ಗಿ. ಕೆಂಗೇರಿಯಲ್ಲಿ ಹತ್ತಿ ವಿಜಯನಗರದಲ್ಲಿ ಇಳಿಯುವವರಿಗೆ ಎಂಟಾಣೆ ಹಾಗಿರಲಿ, ರೂಪಾಯಿಯ ಬಿಲ್ಲೆಯೂ ಬೇಡ.

ಹೀಗೇ ಬಿಟ್ಟಿದ್ದರೆ ಒಂದು ರೂಪಾಯಿಯೂ ಸದ್ದಿಲ್ಲದೆ ಹೋಗುತ್ತಿತ್ತೋ ಏನೋ, ಬಿಎಂಟಿಸಿ ಕಾಪಾಡಿತು. 2025ರ ಜನವರಿ 5ರಿಂದ ಬಸ್ ದರ ಏರಿದಾಗ ಐದು ಇದ್ದದ್ದು ಆರು, ಹತ್ತು ಇದ್ದದ್ದು ಹನ್ನೆರಡು, ಹದಿನೈದು ಹದಿನೆಂಟು, ಇಪ್ಪತ್ತು ಇಪ್ಪತ್ಮೂರು ಆಯಿತು. ಮರುದಿನದಿಂದಲೇ ಕಂಡಕ್ಟರುಗಳ ಬಾಯಲ್ಲಿ ಮತ್ತೆ 'ಚಿಲ್ಲರೆ ಕೊಡಿ ಸ್ವಾಮಿ'. ಆಗಸ್ಟಿನಲ್ಲಿ ಆಟೊ ಕನಿಷ್ಠ ದರ ಮೂವತ್ತರಿಂದ ಮೂವತ್ತಾರಕ್ಕೆ ಏರಿತು, ಆದರೆ ಮೀಟರ್ ಹಾಕಿಸಿ ಮೂವತ್ತಾರನ್ನೇ ಕೊಟ್ಟು ಇಳಿದ ಪುಣ್ಯವಂತರಿದ್ದರೆ ಅವರಿಗೆ ನಮಸ್ಕಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದ್ದರಿಂದ ಬಸ್ಸಿನ ಚಿಲ್ಲರೆ ಜಗಳ ಈಗ ಬರೀ ಗಂಡಸರದು.

2025ರ ಜುಲೈನಲ್ಲಿ ಇನ್ನೊಂದು ತಮಾಷೆ ನಡೆಯಿತು. ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯುಆರ್ ಕೋಡು ಮಾಯವಾಗಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಅಂಟಿದವು. ಆ ಕೆಲವು ದಿನ ಜನ ಮನೆಯ ಡಬ್ಬಿ, ಕಾರಿನ ಡ್ಯಾಶ್‌ಬೋರ್ಡು, ಹಳೆಯ ಪರ್ಸು ತಡಕಾಡಿದರು. ಹಾಗೆ ಹೊರಬಂದ ಬಿಲ್ಲೆಗಳಲ್ಲಿ ಎಂಟಾಣೆಯೂ ಇತ್ತು. ಅದನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ. ನಗದು ಎಂದು ಬರೆದವರ ಮನಸ್ಸಿನಲ್ಲಿದ್ದ ನಗದು ಒಂದು ರೂಪಾಯಿಯಿಂದ ಶುರುವಾಗುತ್ತಿತ್ತು.

ಬೇರೆಯವರು ಹೇಗೆ ಮಾಡಿದರು ಎಂದು ನೋಡಿದರೆ ಎರಡು ಮಾದರಿ ಕಾಣುತ್ತದೆ. ಕೆನಡಾ ತನ್ನ ಒಂದು ಸೆಂಟಿನ ನಾಣ್ಯವನ್ನು 2013ರ ಫೆಬ್ರುವರಿ 4ರಿಂದ ವಿತರಿಸುವುದನ್ನು ನಿಲ್ಲಿಸಿತು. ನಗದು ಕೊಟ್ಟರೆ ಒಟ್ಟು ಮೊತ್ತವನ್ನು ಹತ್ತಿರದ ಐದು ಸೆಂಟಿಗೆ ಹೊಂದಿಸಬೇಕು, ಅದು ಮೇಲೂ ಹೋಗಬಹುದು ಕೆಳಗೂ ಬರಬಹುದು, ಕಾರ್ಡಿನಲ್ಲಿ ಕೊಟ್ಟರೆ ಇದ್ದಷ್ಟೇ. ಮಾರ್ಗಸೂಚಿ ಮುಂಚೆಯೇ ಬಂತು, ಜನ ಒಗ್ಗಿಕೊಂಡರು. ಅಮೆರಿಕ ತನ್ನ ಕೊನೆಯ ಚಲಾವಣೆಯ ಪೆನ್ನಿಯನ್ನು ಫಿಲಡೆಲ್ಫಿಯಾದಲ್ಲಿ ಅಚ್ಚು ಹಾಕಿದ್ದು 2025ರ ನವೆಂಬರ್ 12ರಂದು. ಒಂದು ಸೆಂಟಿನ ಬಿಲ್ಲೆಗೆ ಅಲ್ಲಿ 3.69 ಸೆಂಟ್ ಖರ್ಚಾಗುತ್ತಿತ್ತು. ಆದರೆ ಹೊಂದಿಸುವ ನಿಯಮವನ್ನು ದೇಶಕ್ಕೆಲ್ಲ ಒಂದೇ ಎಂದು ಮೊದಲು ಮಾಡಲಿಲ್ಲ. ಅಂಗಡಿಗಳು ತಮತಮಗೆ ತೋಚಿದಂತೆ ಚೀಟಿ ಅಂಟಿಸಿದವು. ಬಸವೇಶ್ವರನಗರದ ಯಾವ ಬೀದಿಗೆ ಹೋದರೂ ಮಕ್ಕಳು ಅಮೆರಿಕದಲ್ಲಿರುವ ಎರಡು ಮನೆ ಸಿಗುತ್ತವೆ, ಕೇಳಿ ನೋಡಿ. ನಾವು ಎಂಟಾಣೆಗೆ ಮಾಡಿದ್ದನ್ನೇ ಅಮೆರಿಕದವರೀಗ ಪೆನ್ನಿಗೆ ಮಾಡುತ್ತಿದ್ದಾರೆ.

ಹೀಗೆ ಅಂಗಡಿಯವರ ಇಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹತ್ತು ರೂಪಾಯಿಯ ನಾಣ್ಯ ಸಾಕ್ಷಿ. ಅದು ಪೂರ್ತಿ ಚಲಾವಣೆಯಲ್ಲಿರುವ ನಾಣ್ಯ. ಆದರೂ ಬೆಂಗಳೂರಿನಲ್ಲಿ 'ಹತ್ರುಪಾಯಿ ಕಾಯಿನ್ ನಡೆಯಲ್ಲ' ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹದಿನಾಲ್ಕು ವಿನ್ಯಾಸಗಳೂ ಅಸಲಿ ಎಂದು ಸಾರಿದ ಮೇಲೂ ವರ್ಷಗಟ್ಟಲೆ ಅಂಗಡಿಯವರು ಹಿಂದೆ ತಳ್ಳಿದರು. ಯಾವ ನಾಣ್ಯ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತೀರ್ಮಾನಿಸುವ ಅಧಿಕಾರವನ್ನು ಎಂಟಾಣೆಯ ವಿಷಯದಲ್ಲಿ ಗಲ್ಲಾಪೆಟ್ಟಿಗೆಗೆ ಕೊಟ್ಟವರು ಹತ್ತು ರೂಪಾಯಿಯ ವಿಷಯದಲ್ಲಿ ಅದನ್ನು ವಾಪಸು ಕೇಳಿದರೆ ಅದು ಸಲೀಸಾಗಿ ಕೊಡುತ್ತದೆಯೇ?

ಎಂಟಾಣೆಯನ್ನು ಉಳಿಸಿ ಎಂದು ನಾನು ಕೇಳುತ್ತಿಲ್ಲ. ಅದರ ಕಾಲ ಮುಗಿದಿದೆ. ಹಣಕಾಸು ಸಚಿವಾಲಯ 2010ರಲ್ಲಿ ಮಾಡಿದ್ದನ್ನೇ ಇನ್ನೊಮ್ಮೆ ಮಾಡಲಿ. ಆರು ತಿಂಗಳ ನೋಟಿಸು, ಒಂದು ದಿನಾಂಕ, ಬದಲಾಯಿಸಿಕೊಳ್ಳಲು ಬ್ಯಾಂಕಿನ ಕಿಟಕಿ, ಜೊತೆಗೆ ನಗದು ವ್ಯವಹಾರದಲ್ಲಿ ಐವತ್ತಕ್ಕೆ ಕಡಿಮೆಯಿದ್ದರೆ ಇಳಿಸಿ, ಐವತ್ತು ಅಥವಾ ಮೇಲಿದ್ದರೆ ಏರಿಸಿ ಎಂದು ಅಂಗಡಿಯ ಗೋಡೆಗೆ ಅಂಟಿಸಬಹುದಾದ ಒಂದು ಸಾಲು. ಅಂಚೆ ಇಲಾಖೆಯವರೂ ಕಾರ್ಡಿನ ಬೆಲೆಯನ್ನು ಒಂದು ರೂಪಾಯಿ ಮಾಡಲಿ, ಯಾರೂ ಬೇಸರಪಡುವುದಿಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು. ಮನೆಯಲ್ಲಿರುವ ಎಂಟಾಣೆಗಳನ್ನು ಗುಜರಿಗೆ ಹಾಕಬೇಡಿ. ಅವು ಇನ್ನೂ ಹಣವೇ. ಅಂಗಡಿಯಲ್ಲಿ ಹತ್ತು ರೂಪಾಯಿಯ ಮಿತಿ ಇದ್ದರೂ ಬ್ಯಾಂಕಿನಲ್ಲಿ ನಿಮ್ಮ ಖಾತೆಗೆ ಜಮಾ ಮಾಡುವ ನಾಣ್ಯಕ್ಕೆ ಮಿತಿಯಿಲ್ಲ ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಎಣಿಸಿ, ನೂರು ನೂರರ ಚೀಲ ಕಟ್ಟಿ, ಜನಸಂದಣಿ ಕಡಿಮೆಯಿರುವ ಹೊತ್ತಿನಲ್ಲಿ ತೆಗೆದುಕೊಂಡು ಹೋಗಿ. ನಾಲ್ಕಾಣೆ ಸಿಕ್ಕರೆ ಅದನ್ನು ಒಯ್ಯಬೇಡಿ, ಅದರ ಗಡುವು 2011ರಲ್ಲೇ ಮುಗಿದಿದೆ.